ನಾಲ್ಕು ವರ್ಷದ ಮಗು "ನೀನು ಬೇಡ, ಹೋಗು" ಅಂದಾಗ ನಮಗೆ ಬರುವ ಸಿಟ್ಟು: ಏನು ಮಾಡುತ್ತೀರಿ?

ಬನಶಂಕರಿ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ನಾಲ್ಕೂವರೆ ವರ್ಷ, ಎಲ್‌ಕೆಜಿಗೆ ಹೋಗುತ್ತಾಳೆ. ಮಗ ಇನ್ನೂ ಅಂಬೆಗಾಲಿಡುತ್ತಿದ್ದಾನೆ. ನನ್ನ ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಹಳದಿ ಮೆಟ್ರೋ ಶುರುವಾದ ಮೇಲೆ ಸಿಲ್ಕ್ ಬೋರ್ಡ್ ಜಾಮ್ ತಪ್ಪಿದೆ. ಆದರೂ ಮನೆ ಸೇರುವಾಗ ಏಳೂವರೆ ಆಗಿರುತ್ತದೆ. ಹಗಲು ಹೊತ್ತು ಮಕ್ಕಳನ್ನು ಅತ್ತೆ ನೋಡಿಕೊಳ್ಳುತ್ತಾರೆ. ನಮ್ಮವರು ಬರುವುದು ಇನ್ನೂ ತಡ.

ಈಚೆಗೆ ಮಗಳ ಬಾಯಲ್ಲಿ ಬರುವ ಮಾತು ಕೇಳಿದರೆ ಎದೆ ಝಲ್ ಅನ್ನುತ್ತದೆ. "ನೀನು ಕೆಟ್ಟ ಅಮ್ಮ." "ನಿನ್ನ ಜೊತೆ ಟೂ." "ನೀನು ಬೇಡ, ಆಫೀಸಿಗೇ ಹೋಗು." ಬೈದರೆ ನಗುತ್ತಾಳೆ. ಇಲ್ಲ ಅಂದರೆ ಕೈ ಎತ್ತುತ್ತಾಳೆ. ಬೇರೆ ಯಾರ ಹತ್ತಿರವೂ ಹೀಗೆ ಮಾಡುವುದಿಲ್ಲ. ಶಾಲೆಯಲ್ಲಿ ಟೀಚರ್ ಕೇಳಿದರೆ "ತುಂಬಾ ಸೈಲೆಂಟ್ ಮಗು" ಅನ್ನುತ್ತಾರೆ.

ಮೊನ್ನೆ ಬಂದು ಕೈಕಾಲು ತೊಳೆದು ಅವಳಿಗೆ ಅನ್ನ ಸಾರು ಕಲಸುತ್ತಿದ್ದೆ. ಅಭ್ಯಾಸದಂತೆ ತುಪ್ಪ ಹಾಕಿದೆ. ತುಪ್ಪ ತಾನೇ ಹಾಕಬೇಕಿತ್ತಂತೆ. ಇನ್ನೊಂದು ಚಮಚ ನೀನೇ ಹಾಕು ಪುಟ್ಟಿ ಅಂದೆ. ಬೇಡ, ಮೊದಲನೆಯದೇ ತಾನು ಹಾಕಬೇಕಿತ್ತು. ತಟ್ಟೆಯನ್ನು ಒಂದೇ ಸಲ ತಳ್ಳಿದಳು. ಅನ್ನ ಪೂರ್ತಿ ನೆಲದ ಮೇಲೆ, ಸಾರು ನನ್ನ ಚೂಡಿದಾರದ ಮೇಲೆ. ಆಮೇಲೆ ನನ್ನ ಮುಖವನ್ನೇ ನೋಡಿ, "ನೀನು ಸತ್ತು ಹೋಗು" ಅಂದಳು.

ಅನ್ನ ಚೆಲ್ಲಿದ್ದಕ್ಕೆ ನನಗೆ ಏನೂ ಆಗಲಿಲ್ಲ. ಆ ಮಾತಿಗೆ ಕಿವಿ ಬಿಸಿಯಾಯಿತು. ಹಲ್ಲು ಕಚ್ಚಿಕೊಂಡಿತು, ಕೈ ಬೆರಳೆಲ್ಲ ಬಿಗಿಯಾಯಿತು. ಬಟ್ಟೆ ತಂದು ನೆಲ ಒರೆಸಲು ಕೂತೆ. ಒರೆಸುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಇಡೀ ದಿನ ಯಾರಿಗಾಗಿ ದುಡಿಯುತ್ತೇನೋ ಅವಳೇ ಹೀಗಂದರೆ?

ಮಗುವನ್ನು ಸರಿ ಮಾಡುವುದು ಹೇಗೆ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಪ್ರಶ್ನೆ ಬೇರೆ. ಆ ಕ್ಷಣದಲ್ಲಿ ನನ್ನ ಒಳಗೆ ಕುದಿಯುತ್ತದಲ್ಲ, ಅದನ್ನು ಏನು ಮಾಡಬೇಕು? ನೀವೆಲ್ಲ ಏನು ಮಾಡುತ್ತೀರಿ? ನಿಜ ಹೇಳಿ.

ರಾಜಾಜಿನಗರ ಅಪ್ಪ

ಅಕ್ಕ, ನನಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಒಂದನೇ ಕ್ಲಾಸು, ಚಿಕ್ಕವನಿಗೆ ಮೂರು ವರ್ಷ. ನೀವು ಹೇಳಿದ ಆ ಬಿಸಿ ಕಿವಿ ನನಗೆ ಚೆನ್ನಾಗಿ ಗೊತ್ತು.

ನಾನೂ ನನ್ನ ಹೆಂಡತಿಯೂ ಒಂದು ಮಾತು ಇಟ್ಟುಕೊಂಡಿದ್ದೇವೆ. ಇಬ್ಬರಲ್ಲಿ ಯಾರಿಗೆ ಸಿಟ್ಟು ಏರುತ್ತದೋ ಅವರು "ನೀರು" ಅನ್ನಬೇಕು, ಅಷ್ಟೇ. ಇನ್ನೊಬ್ಬರು ಯಾಕೆ, ಏನು ಅಂತ ಕೇಳದೆ ಮಕ್ಕಳ ಹತ್ತಿರ ಬರಬೇಕು. ಅಲ್ಲಿ "ನೀನು ಸರಿಯಾಗಿ ಹೇಳಲಿಲ್ಲ, ಅದಕ್ಕೇ ಹಾಗಾಯ್ತು" ಅಂತ ತೀರ್ಪು ಕೊಡುವ ಹಾಗಿಲ್ಲ. ಆ ಚರ್ಚೆ ಏನಿದ್ದರೂ ಮಕ್ಕಳು ಮಲಗಿದ ಮೇಲೆ.

ಒಬ್ಬರೇ ಇದ್ದಾಗ ಇದು ಆಗುವುದಿಲ್ಲ, ಗೊತ್ತು. ಆಗ ಮೊದಲು ಸುತ್ತ ನೋಡುತ್ತೇನೆ. ಸ್ಟವ್ ಆರಿದೆಯಾ, ಬಾಲ್ಕನಿ ಬಾಗಿಲು ಹಾಕಿದೆಯಾ, ಮಗು ಬೀಳುವ ಕಡೆ ಇಲ್ಲ ತಾನೇ. ಆಮೇಲೆ "ಅಪ್ಪನಿಗೆ ಸಿಟ್ಟು ಬಂದಿದೆ. ಮುಖ ತೊಳೆದುಕೊಂಡು ಬರ್ತೀನಿ" ಅಂತ ಹೇಳಿ ಬಚ್ಚಲಿಗೆ ಹೋಗುತ್ತೇನೆ. "ಬರ್ತೀನಿ" ಅನ್ನುವುದನ್ನು ಬಿಡಬೇಡಿ. ಸುಮ್ಮನೆ ಎದ್ದು ಹೋದರೆ ಮಗು ಇನ್ನೂ ಗಾಬರಿಯಾಗುತ್ತದೆ, ಹಿಂದೆಯೇ ಓಡಿ ಬಂದು ಬಾಗಿಲು ಬಡಿಯುತ್ತದೆ.

ಬಚ್ಚಲಲ್ಲಿ ಬೇರೇನೂ ಮಾಡುವುದಿಲ್ಲ. ಮುಖಕ್ಕೆ ತಣ್ಣೀರು ಹಾಕಿಕೊಂಡು ಉಸಿರು ನಿಧಾನ ಮಾಡುತ್ತೇನೆ. ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದು ಉದ್ದ ಇರಬೇಕು. ಉಸಿರು ಹೊರಗೆ ಬಿಡುವಾಗ ಎದೆಬಡಿತ ಸ್ವಲ್ಪ ಇಳಿಯುತ್ತದೆ, ಅದು ದೇಹದ ಲೆಕ್ಕ. ಸಿಟ್ಟು ಪೂರ್ತಿ ಹೋಗುವುದಿಲ್ಲ. ಬಾಯಿ ಮಾತ್ರ ನಮ್ಮ ಕೈಗೆ ಬರುತ್ತದೆ, ಆ ಹೊತ್ತಿಗೆ ಅಷ್ಟು ಸಾಕು.

ಒಂದು ಮಾತು ಕೇಳಲಾ? ಮೆಟ್ರೋ ಇಳಿದವರು ನೇರ ಮನೆಗೆ ಹೋಗಿ ನೇರ ಅಡುಗೆಮನೆಗೆ ಹೋಗುತ್ತೀರಿ ಅಲ್ವಾ? ಆಫೀಸಿನ ತಲೆ ಇನ್ನೂ ಇಳಿದಿರುವುದಿಲ್ಲ. ನಾನು ಗಾಡಿ ನಿಲ್ಲಿಸಿ ಕೆಳಗೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಆಮೇಲೆ ಮೆಟ್ಟಿಲು ಹತ್ತುತ್ತೇನೆ. ಮ್ಯಾನೇಜರ್ ಮೇಲಿನ ಕೋಪ ಮಗುವಿನ ಮೇಲೆ ಇಳಿಯಬಾರದು.

ಹನುಮಂತನಗರದ ಅಜ್ಜಿ

ಮೊಮ್ಮಗ ಟೈಪ್ ಮಾಡಿಕೊಡುತ್ತಿದ್ದಾನೆ. ನಾನು ನಾಲ್ಕು ಮಕ್ಕಳನ್ನು ಬೆಳೆಸಿದವಳು.

ನಮ್ಮ ಕಾಲದಲ್ಲಿ ಅಮ್ಮನಿಗೆ ಹೀಗೆ ಅಂದರೆ ಬೆನ್ನ ಮೇಲೆ ಎರಡು ಬೀಳುತ್ತಿತ್ತು. ಅಲ್ಲಿಗೆ ಮುಗೀತು. ಈಗ ಎಲ್ಲದಕ್ಕೂ ಮಗುವಿಗೆ ವಿವರಣೆ ಕೊಡುತ್ತಾ ಕೂತಿರುತ್ತೀರಿ. ನಾಲ್ಕು ವರ್ಷದ್ದಕ್ಕೆ ಅಷ್ಟುದ್ದ ಪಾಠ ಮಾಡಿದರೆ ಅದಕ್ಕೆ ಏನು ತಿಳಿಯುತ್ತೆ? ಹಟ ಜಾಸ್ತಿ ಆಗುತ್ತೆ ಅಷ್ಟೇ.

ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ನಾವು ಇದ್ದದ್ದು ವಠಾರದಲ್ಲಿ. ನನಗೆ ತಲೆ ಕೆಟ್ಟರೆ ಪಕ್ಕದ ಮನೆಯವರು ಬಂದು ಮಗುವನ್ನು ಎತ್ತಿಕೊಂಡು ಹೋಗಿ ದೋಸೆ ಕೊಟ್ಟು ಕೂರಿಸುತ್ತಿದ್ದರು. ಅವರ ಮಕ್ಕಳನ್ನು ನಾನು ಹಾಗೆ ಕರೆದುಕೊಂಡು ಬರುತ್ತಿದ್ದೆ. ದಿನಕ್ಕೆ ಹತ್ತು ಹೆಂಗಸರು ನೋಡಿಕೊಳ್ಳುತ್ತಿದ್ದ ಮಗುವನ್ನು ಈಗ ಒಬ್ಬಳು ಬಾಗಿಲು ಹಾಕಿಕೊಂಡು ನೋಡಿಕೊಳ್ಳುತ್ತಾಳೆ, ಅದೂ ಕೆಲಸ ಮುಗಿಸಿ ಬಂದು. ನಿನಗೆ ಸಿಟ್ಟು ಬರದೇ ಇದ್ದಿದ್ದರೆ ನನಗೆ ಆಶ್ಚರ್ಯ ಆಗುತ್ತಿತ್ತು ತಾಯಿ. ಅಳಬೇಡ.

ಆ "ಸತ್ತು ಹೋಗು" ಎಲ್ಲಿಂದ ಕಲಿತಳು, ಅದನ್ನು ನೋಡು ಮೊದಲು.

ಮಲ್ಲೇಶ್ವರ ಸಮಾಲೋಚಕಿ

ಮಕ್ಕಳು ಮತ್ತು ಅಪ್ಪ ಅಮ್ಮಂದಿರ ಜೊತೆ ಕೆಲಸ ಮಾಡುತ್ತೇನೆ. ನಿಮ್ಮ ಮಗಳ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಿಮ್ಮ ಸಿಟ್ಟು ಹುಟ್ಟಿದ್ದು ಅಲ್ಲಿ.

ಸಾವು ಅಂದರೆ ಮತ್ತೆ ವಾಪಸ್ ಬರದೇ ಇರುವುದು ಅನ್ನುವುದು ಮಕ್ಕಳಿಗೆ ಸಾಮಾನ್ಯವಾಗಿ 5ರಿಂದ 7 ವರ್ಷದ ಹೊತ್ತಿಗೆ ತಿಳಿಯುತ್ತಾ ಹೋಗುತ್ತದೆ. ನಾಲ್ಕೂವರೆಗೆ ಅದು "ಆಚೆ ಹೋಗು" ಅನ್ನುವುದಕ್ಕಿಂತ ದೊಡ್ಡದಲ್ಲ. ಇನ್ನೊಬ್ಬರ ಮನಸ್ಸಿನಲ್ಲಿ ತನಗಿಂತ ಬೇರೆ ಯೋಚನೆ ಇರುತ್ತದೆ ಅನ್ನುವ ಅರಿವು ಗಟ್ಟಿಯಾಗುವುದೂ ನಾಲ್ಕರ ಆಸುಪಾಸಿನಲ್ಲೇ. ತನ್ನ ಮಾತು ನಿಮ್ಮೊಳಗೆ ಎಷ್ಟು ಆಳಕ್ಕೆ ಇಳಿಯಿತು ಅಂತ ಅಳೆಯುವ ಶಕ್ತಿ ಅವಳಿಗೆ ಇನ್ನೂ ಬಂದಿಲ್ಲ. ಬಾಯಿಗೆ ಬಂದದ್ದನ್ನು ತಡೆದು ಹಿಡಿಯುವ ಕೆಲಸ ಮಿದುಳಿನ ಮುಂಭಾಗದ್ದು. ಅದು ಪೂರ್ತಿ ಬಲಿಯುವುದು ಇಪ್ಪತ್ತರ ನಡುವಿನ ವಯಸ್ಸಿಗೆ. ನಾಲ್ಕು ವರ್ಷಕ್ಕೆ ಅದು ಆಗಷ್ಟೇ ಕೆಲಸ ಶುರು ಮಾಡಿರುತ್ತದೆ.

ನಿಮಗೆ ನೋವಾಗಿದ್ದು ನಿಜ. ಅವಳು ನೋವು ಮಾಡಬೇಕೆಂದು ಅಂದಿಲ್ಲ ಅನ್ನುವುದೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಿ. "ಅವಳು ಮಗು ಅಲ್ವಾ, ನನಗೆ ಬೇಜಾರಾಗಬಾರದು" ಅಂತ ನಿಮ್ಮ ನೋವನ್ನು ಅದುಮಿದರೆ ಅದು ರಾತ್ರಿ ಬೇರೆ ಯಾರದೋ ಮೇಲೆ ಹೊರಗೆ ಬರುತ್ತದೆ.

ಶಾಲೆಯಲ್ಲಿ ಸೈಲೆಂಟ್, ಮನೆಯಲ್ಲಿ ಒರಟು ಅಂದಿರಲ್ಲ, ಇದನ್ನು ಅಪ್ಪ ಅಮ್ಮಂದಿರಿಂದ ತುಂಬಾ ಕೇಳುತ್ತೇನೆ. ಇಡೀ ದಿನ ಬೇರೆಯವರ ಮುಂದೆ ಬಿಗಿ ಹಿಡಿದು ಕೂತಿರುತ್ತವೆ. ನಂಬಿಕೆ ಇರುವವರ ಮುಂದೆ ಬಿಟ್ಟುಬಿಡುತ್ತವೆ. ಅವಳು ಬಿಡುವುದು ನಿಮ್ಮ ಮುಂದೆ, ಯಾಕೆಂದರೆ ಏನು ಮಾಡಿದರೂ ನೀವು ಹೋಗುವುದಿಲ್ಲ ಅಂತ ಅವಳಿಗೆ ಗೊತ್ತು. "ಆಫೀಸಿಗೇ ಹೋಗು" ಅನ್ನುವುದರಲ್ಲಿ ಇನ್ನೊಂದೂ ಇದೆ. ಬೆಳಗ್ಗಿನಿಂದ ನಿಮಗಾಗಿ ಕಾದಿದ್ದಾಳೆ. ಬಂದ ಕೂಡಲೇ ನೀವು ಅಡುಗೆಮನೆಗೆ ಹೋದಿರಿ, ಪಕ್ಕದಲ್ಲಿ ತಮ್ಮ ಬೇರೆ ಇದ್ದಾನೆ.

ಅಜ್ಜಿ, ಉದ್ದುದ್ದ ವಿವರಣೆ ಕೊಡಬಾರದು ಅಂದಿರಿ, ಅದು ನೂರಕ್ಕೆ ನೂರು ಸರಿ. ಅಳುತ್ತಿರುವ ಮಗುವಿಗೆ ಪಾಠ ಹೇಳುವುದು ಕಾದ ಎಣ್ಣೆಗೆ ನೀರು ಹಾಕಿದ ಹಾಗೆ. ಆದರೆ ಏಟಿನ ಮಾತು ನಾನು ಒಪ್ಪುವುದಿಲ್ಲ. ಹೊಡೆದರೆ ಆ ಕ್ಷಣಕ್ಕೆ ನಿಲ್ಲುತ್ತದೆ. ಆದರೆ ಏಟು ತಿಂದು ಬೆಳೆದ ಮಕ್ಕಳಲ್ಲಿ ಹೊಡೆಯುವ ಬುದ್ಧಿ ಹೆಚ್ಚೇ ಹೊರತು ಕಡಿಮೆ ಅಲ್ಲ ಅಂತ ಈ ಬಗ್ಗೆ ಮಾಡಿದ ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ಕೈ ಎತ್ತುವ ಮಗುವಿಗೆ ಕೈ ಎತ್ತಬೇಡ ಅಂತ ಕೈ ಎತ್ತಿ ಕಲಿಸುವುದು ಹೇಗೆ? ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಟೀಚರ್ ಮಾಡಬಾರದ್ದನ್ನು ನಾವು ಮನೆಯಲ್ಲಿ ಮಾಡುವುದು ಯಾಕೆ?

ಹನುಮಂತನಗರದ ಅಜ್ಜಿ

ಸರಿಯಮ್ಮ, ಹೊಡೆಯುವುದು ಬೇಡ. ಹಾಗಂತ ಸುಮ್ಮನೆ ಬಿಟ್ಟರೆ ತಲೆ ಮೇಲೆ ಕೂರುವುದಿಲ್ವೇ? ನಮ್ಮ ಎದುರು ಮನೆಯಲ್ಲಿ ಹಾಗೇ ಆಗಿದೆ. ಮಗು ಅಪ್ಪನಿಗೆ ಒದೆಯುತ್ತೆ, ಅವರು "ಸಾರಿ ಕಂದ" ಅನ್ನುತ್ತಾರೆ. ಇದು ಯಾವ ಸೀಮೆ ಸಾಕಣೆ?

ಅಂಗನವಾಡಿ ಟೀಚರ್, ಲಗ್ಗೆರೆ

ಅಜ್ಜಿ ಕೇಳಿದ್ದು ಸರಿಯಾದ ಪ್ರಶ್ನೆ. ಬಿಡುವುದಲ್ಲ. ತಡೆಯಲೇಬೇಕು, ಆದರೆ ಬಾಯಿ ಕಡಿಮೆ, ಕೈ ಮೃದು.

ನಮ್ಮಲ್ಲಿ ಮೂರರಿಂದ ಆರು ವರ್ಷದವರು ಇರುತ್ತಾರೆ. ಈ ವರ್ಷ ಒಬ್ಬ ಹುಡುಗ ಬಂದಿದ್ದಾನೆ, ಕಚ್ಚುತ್ತಾನೆ. ಅವನು ಕಚ್ಚುವ ಮೊದಲು ಒಂದು ಗುರುತು ಇದೆ. ಕೆಳತುಟಿಯನ್ನು ಒಳಗೆ ಎಳೆದುಕೊಳ್ಳುತ್ತಾನೆ, ಭುಜ ಮೇಲಕ್ಕೆ ಹೋಗುತ್ತದೆ. ಅದು ಕಂಡ ಕೂಡಲೇ ನಾನು ಅವನಿಗೂ ಪಕ್ಕದ ಮಗುವಿಗೂ ಮಧ್ಯೆ ಕೂತುಬಿಡುತ್ತೇನೆ. ಅವನ ಎರಡೂ ಕೈ ಹಿಡಿದು, "ಕಚ್ಚೋದು ಬೇಡ. ನಿನಗೆ ಸಿಟ್ಟು ಬಂದಿದೆ. 'ನಂದು, ಕೊಡು' ಅನ್ನು" ಅನ್ನುತ್ತೇನೆ. ಅಷ್ಟೇ ಮಾತು, ದಿನಾ ಅದೇ ಮಾತು. ಮೊದಮೊದಲು ಕಿರುಚುತ್ತಿದ್ದ. ಈಗ ಹಲ್ಲು ಕಚ್ಚಿಕೊಂಡೇ "ನಂದೂ" ಅನ್ನುತ್ತಾನೆ. ಅವನ ಮಟ್ಟಿಗೆ ಅದು ದೊಡ್ಡ ಕೆಲಸ, ನಾನು ಅವತ್ತೆಲ್ಲ ಅವನನ್ನು ಹೊಗಳುತ್ತೇನೆ.

ಬನಶಂಕರಿ ಅಮ್ಮ, ನಿಮ್ಮ ಮಗಳಿಗೂ ಹಾಗೇ ಹೇಳಬಹುದು. "ಸತ್ತು ಹೋಗು ಅನ್ನಬಾರದು. ಅಮ್ಮನಿಗೆ ನೋವಾಗುತ್ತೆ. 'ತುಪ್ಪ ನಾನು ಹಾಕಬೇಕಿತ್ತು, ಸಿಟ್ಟು ಬಂತು' ಅನ್ನು." ಅವಳಿಗೆ ಆ ಮಾತು ಗೊತ್ತಿಲ್ಲ, ಅದಕ್ಕೇ ಗೊತ್ತಿರುವ ಕೆಟ್ಟ ಮಾತು ಎತ್ತಿಕೊಂಡಳು. ಅನ್ನ ಚೆಲ್ಲಿದರೆ ಒರೆಸುವ ಬಟ್ಟೆ ಅವಳ ಕೈಗೂ ಕೊಡಿ. ಅದು ಶಿಕ್ಷೆ ಅಲ್ಲ, ಬೈಯಬೇಡಿ, ಜೊತೆಯಲ್ಲಿ ಒರೆಸಿ. ಅವತ್ತೇ ಕೊಡಬೇಕು ಅಂತೇನೂ ಇಲ್ಲ, ಅವಳು ಇನ್ನೂ ಕುದಿಯುತ್ತಿದ್ದರೆ ಕಾಯಿರಿ.

ಇನ್ನೊಂದು ವಿಷಯ, ಯಾರೂ ಹೇಳಲಿಲ್ಲ. ಹೊಟ್ಟೆ ಮತ್ತು ನಿದ್ದೆ. ನಮ್ಮ ಕೇಂದ್ರದಲ್ಲಿ ಊಟಕ್ಕೆ ಮೊದಲಿನ ಅರ್ಧ ಗಂಟೆಯಲ್ಲೇ ಜಗಳ ಜಾಸ್ತಿ. ಊಟ ಆದ ಮೇಲೆ ಅದೇ ಮಕ್ಕಳು ಹೆಗಲ ಮೇಲೆ ಕೈ ಹಾಕಿಕೊಂಡು ಕೂತಿರುತ್ತಾರೆ. ನೀವು ಬರುವುದು ಏಳೂವರೆಗೆ, ಊಟ ಶುರು ಮಾಡುವುದು ಎಂಟಕ್ಕೆ. ಅಷ್ಟು ಹೊತ್ತಿಗೆ ಅವಳಿಗೆ ಹಸಿವಾಗಿ, ಹಸಿವು ಮೀರಿ, ನಿದ್ದೆಯೂ ಬಂದಿರುತ್ತದೆ. ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಶಾಲೆಗೆ ಬೆಳಗ್ಗೆ ಆರೂವರೆಗೆ ಏಳುವ ಮಗು ಮಧ್ಯಾಹ್ನ ಮಲಗದಿದ್ದರೆ ರಾತ್ರಿ ಎಂಟೂವರೆಗೆ ಮಲಗಿರಬೇಕು. ಬೆಂಗಳೂರಲ್ಲಿ ಎಷ್ಟು ಮನೆಯಲ್ಲಿ ಅದು ಆಗುತ್ತದೆ ಹೇಳಿ?

ಅವಳಿಗೆ ಏಳು ಗಂಟೆಗೇ ಅತ್ತೆ ಊಟ ಮಾಡಿಸಲಿ. ನೀವು ಬಂದ ಮೇಲೆ ಊಟದ ಯುದ್ಧ ಬೇಡ. ಆ ಹೊತ್ತು ಅವಳನ್ನು ತೊಡೆ ಮೇಲೆ ಕೂರಿಸಿಕೊಳ್ಳಿ. ಅವಳು ಬೇಡ ಅಂದರೂ ಪಕ್ಕದಲ್ಲೇ ಕೂತಿರಿ.

ಕೆಂಗೇರಿ ತಾಯಿ

ಟೀಚರ್ ಹೇಳಿದ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ನನ್ನ ಮಗ ಮೂರು ವರ್ಷ ಆದರೂ ಮಾತು ಸರಿಯಾಗಿ ಆಡುತ್ತಿರಲಿಲ್ಲ. ಹೊಡೆಯುತ್ತಿದ್ದ, ಕೂದಲು ಎಳೆಯುತ್ತಿದ್ದ. ಒಂದು ಪ್ಲೇಹೋಮ್‌ನವರು ನಮ್ಮನ್ನು ಕರೆದು, "ನಿಮ್ಮ ಮಗನಿಗೆ ಶಿಸ್ತು ಇಲ್ಲ" ಅಂದುಬಿಟ್ಟರು. ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ.

ಮಕ್ಕಳ ಡಾಕ್ಟರು ಮೊದಲು ಕಿವಿ ಪರೀಕ್ಷೆ ಮಾಡಿಸಿ ಅಂದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಆಯಿಷ್ ಅನ್ನುತ್ತಾರೆ. ಅಲ್ಲಿಗೆ ಹೋದೆವು. ಕಿವಿ ಸರಿ ಇತ್ತು, ಮಾತು ತಡ ಆಗಿತ್ತು. ಸ್ಪೀಚ್ ಥೆರಪಿ ಶುರುವಾಯಿತು. "ಬೇಡ", "ಇನ್ನೂ ಬೇಕು", "ಆಮೇಲೆ" ಅನ್ನಲು ಬಂದ ಮೇಲೆ ಹೊಡೆಯುವುದು ತಾನಾಗಿಯೇ ಕಮ್ಮಿಯಾಯಿತು. ನಾನೇ ನೋಡಿದ್ದು ಇದು. ಮಾತಿಲ್ಲದ ಮಗು ಕೈಯಲ್ಲಿ ಮಾತಾಡುತ್ತದೆ.

ನಿಮ್ಮ ಮಗಳಿಗೆ ಮಾತು ಚೆನ್ನಾಗಿಯೇ ಇದೆ, ಗೊತ್ತು. ಈ ಚರ್ಚೆ ಓದುವ ಬೇರೆಯವರಿಗಾಗಿ ಬರೆದೆ. ಮನೆಯಲ್ಲೂ ಶಾಲೆಯಲ್ಲೂ ಎಲ್ಲ ಕಡೆ ಹೊಡೆತ, ಮಾತು ತಡ, ಹೆಸರು ಕರೆದರೆ ತಿರುಗುವುದಿಲ್ಲ, ತನಗೆ ತಾನೇ ಗಾಯ ಮಾಡಿಕೊಳ್ಳುತ್ತದೆ, ಇಂಥದ್ದಿದ್ದರೆ "ದೊಡ್ಡವನಾದ ಮೇಲೆ ಸರಿಹೋಗುತ್ತಾನೆ" ಅಂತ ಕಾಯಬೇಡಿ. ಬೆಂಗಳೂರಲ್ಲೇ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇದೆ, ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಇದೆ. ಹೋಗಿ ತೋರಿಸಿ.

ಹೆಸರು ಬೇಡ

ಎಲ್ಲರೂ ಸಿಟ್ಟು ಅನ್ನುತ್ತಿದ್ದೀರಿ. ನನ್ನದು ಬೇರೆ. ಎರಡನೇ ಹೆರಿಗೆ ಆದ ಮೇಲೆ ದೊಡ್ಡವನು ಏನಂದರೂ ನನಗೆ ಏನೂ ಅನಿಸುವುದಿಲ್ಲ. "ಅಮ್ಮ ಗಬ್ಬು" ಅನ್ನುತ್ತಾನೆ, ಹೂಂ ಅನ್ನುತ್ತೇನೆ. ಗೋಡೆ ನೋಡುತ್ತಾ ಕೂತಿರುತ್ತೇನೆ. ರಾತ್ರಿ ಪಾಪು ಮಲಗಿದರೂ ನನಗೆ ನಿದ್ದೆ ಬರುವುದಿಲ್ಲ. ಕೆಲವೊಮ್ಮೆ ಬಸ್ಸು ಹತ್ತಿ ಎಲ್ಲಾದರೂ ಹೋಗಿಬಿಡೋಣ, ಇವರಿಗೆಲ್ಲ ನಾನು ಇಲ್ಲದಿದ್ದರೇ ಒಳ್ಳೆಯದು ಅನಿಸುತ್ತದೆ. ಮನೆಯಲ್ಲಿ ಹೇಳಿದರೆ "ಬಾಣಂತಿಗೆ ಹಾಗೇ, ಸರಿಹೋಗುತ್ತೆ" ಅನ್ನುತ್ತಾರೆ.

ಮಲ್ಲೇಶ್ವರ ಸಮಾಲೋಚಕಿ

ನೀವು ಬರೆದದ್ದು ಒಳ್ಳೆಯದಾಯಿತು. ಬೇರೆ ಎಲ್ಲ ಮಾತು ಆಮೇಲೆ, ಮೊದಲು ನಿಮ್ಮದು.

ನೀವು ಹೇಳುತ್ತಿರುವುದು ಸೋಮಾರಿತನವೂ ಅಲ್ಲ, ಕೆಟ್ಟ ತಾಯಿತನವೂ ಅಲ್ಲ. ಹೆರಿಗೆಯ ನಂತರ ಖಿನ್ನತೆ ಬರಬಹುದು, ಅದಕ್ಕೆ ಚಿಕಿತ್ಸೆ ಇದೆ, ಗುಣವಾಗುತ್ತದೆ. ದಯವಿಟ್ಟು ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. "ನಾನು ಇಲ್ಲದಿದ್ದರೇ ಒಳ್ಳೆಯದು" ಅನಿಸಿದ್ದನ್ನೂ ಅವರಿಗೆ ಹೇಳಿ, ಮುಚ್ಚಿಡಬೇಡಿ. ಇಲ್ಲಿ ಬರೆದ ಇದೇ ಮಾತನ್ನು ಗಂಡನಿಗೆ ಓದಿಸಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ಸೇರಿಸಿಕೊಂಡು ನೋಡುವ ವಾರ್ಡೇ ಇದೆ. ಪಾಪುವನ್ನು ಬಿಟ್ಟು ಹೋಗಬೇಕು ಅನ್ನುವ ಹೆದರಿಕೆ ಬೇಡ.

ಹನುಮಂತನಗರದ ಅಜ್ಜಿ

ಮಗಳೇ, ಫೋನ್ ಮಾಡು. ಸರಿಹೋಗುತ್ತೆ ಅಂತ ಸುಮ್ಮನೆ ಕೂರಬೇಡ. ನಮ್ಮ ಕಾಲದಲ್ಲೂ ಇದು ಇತ್ತು, ಹೇಳಿಕೊಳ್ಳುವುದಕ್ಕೆ ಜಾಗ ಇರಲಿಲ್ಲ. ಮಾಡಿದ ಮೇಲೆ ಇಲ್ಲಿ ಒಂದು ಮಾತು ಬರಿ, ನಾನು ಕಾಯುತ್ತಿರುತ್ತೇನೆ.

ಹೆಸರು ಬೇಡ

ಮಾಡಿದೆ ಅಜ್ಜಿ. ನಮ್ಮವರು ಪಕ್ಕದಲ್ಲೇ ಇದ್ದರು. ನಾಳೆ ನಿಮ್ಹಾನ್ಸ್‌ಗೆ ಹೋಗುತ್ತಿದ್ದೇವೆ, ಅಮ್ಮ ಊರಿಂದ ಹೊರಟಿದ್ದಾರೆ.

ಬನಶಂಕರಿ ಅಮ್ಮ

ಇದನ್ನು ಓದಿ ತುಂಬಾ ಸಮಾಧಾನ ಆಯಿತು. ಹುಷಾರಾಗಿರಿ.

ಎಲ್ಲರ ಉತ್ತರವನ್ನೂ ಮತ್ತೆ ಮತ್ತೆ ಓದಿದೆ. ಅಜ್ಜಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ನಮ್ಮ ಬಿಲ್ಡಿಂಗಿನ ಪಾರ್ಕಿಂಗ್‌ನಲ್ಲಿ ದೊಡ್ಡ ಮಕ್ಕಳು ಗನ್ ಆಟ ಆಡುತ್ತಾರೆ. ಗುಂಡು ತಾಗಿದವರು ಸತ್ತು ಹೋಗಿ ಕಾರಿನ ಹಿಂದೆ ಕೂರಬೇಕು. ಇನ್ನೊಬ್ಬರು ಮುಟ್ಟಿದರೆ ಎದ್ದು ಬರಬಹುದು. ಇವಳನ್ನು ಚಿಕ್ಕವಳು ಅಂತ ಯಾವಾಗಲೂ ಮೊದಲೇ ಸಾಯಿಸಿ ಕೂರಿಸುತ್ತಾರಂತೆ. ಅದನ್ನು ಕೇಳಿದಾಗ ನನ್ನ ಹೊಟ್ಟೆ ಚುರ್ ಅಂದಿತು. ಪಾಪ, ಅವಳಿಗೆ ಅದು ಎಷ್ಟು ಅವಮಾನ ಆಗಿತ್ತೋ.

ಬೇಗ ಊಟ ಮಾಡಿಸುವುದು ಶುರು ಮಾಡಿದ್ದೇವೆ. ಸಂಜೆಯ ರಂಪ ಕಮ್ಮಿಯಾಗಿದೆ, ನಿಂತಿಲ್ಲ. "ಕೆಟ್ಟ ಅಮ್ಮ" ಇನ್ನೂ ಇದೆ. ನಾನು "ಸಿಟ್ಟು ಬಂದಿದೆ ಅಲ್ವಾ, ಸರಿ, ನಾನು ಇಲ್ಲೇ ಕೂತಿರ್ತೀನಿ" ಅಂದು ಕೂರುತ್ತೇನೆ. ಕಿವಿ ಬಿಸಿಯಾಗುವುದು ಈಗ ಮೊದಲೇ ಗೊತ್ತಾಗುತ್ತದೆ. ರಾಜಾಜಿನಗರದವರು ಹೇಳಿದ ಬಚ್ಚಲು ನನಗೂ ಸಹಾಯ ಮಾಡಿದೆ.

ಈಗ ಉಳಿದಿರುವುದು ಎರಡು. ಒಂದು, ನಾವು ದೊಡ್ಡವರು ಗಟ್ಟಿಯಾಗಿ ಕೂಗಿಬಿಟ್ಟರೆ ಆಮೇಲೆ ಮಗುವಿನ ಹತ್ತಿರ ಸಾರಿ ಕೇಳಬೇಕಾ? ಕೇಳಿದರೆ ಸಲುಗೆ ಜಾಸ್ತಿ ಆಗುತ್ತದೆ ಅಂತ ನಮ್ಮವರ ವಾದ. ಇನ್ನೊಂದು, ಅತ್ತೆ. ಅವಳು ಕಿರುಚಿದ ಕೂಡಲೇ ಮೊಬೈಲ್ ಕೊಟ್ಟು ಕೂರಿಸುತ್ತಾರೆ. ಅವರಿಗೆ ಹೇಗೆ ಹೇಳಲಿ? ಅವರು ಇಲ್ಲದಿದ್ದರೆ ನನ್ನ ಕೆಲಸವೇ ಇಲ್ಲ.

ಮಲ್ಲೇಶ್ವರ ಸಮಾಲೋಚಕಿ

ಸಾರಿ ಕೇಳಿ. ಆದರೆ ಯಾವುದಕ್ಕೆ ಅನ್ನುವುದು ಸ್ಪಷ್ಟ ಇರಲಿ. "ನಾನು ಜೋರಾಗಿ ಕೂಗಿದೆ, ಅದು ತಪ್ಪು. ನೀನು ಹೊಡೆದದ್ದೂ ತಪ್ಪು. ಹೊಡೆಯೋದು ಇಲ್ಲ." ಕ್ಷಮೆ ಕೇಳಿದ್ದಕ್ಕೆ ನಿಯಮ ಸಡಿಲ ಆಗಬೇಕಿಲ್ಲ. ಎಡ್ವರ್ಡ್ ಟ್ರಾನಿಕ್ ಅನ್ನುವ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ತಾಯಿ ಮಗುವಿನ ಮೇಲೆ ಒಂದು ಪ್ರಯೋಗ ಮಾಡಿದರು. ಆಡಿಸುತ್ತಿದ್ದ ತಾಯಿ ಸ್ವಲ್ಪ ಹೊತ್ತು ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನಿರಬೇಕು. ಮಗು ತಾಯಿಯನ್ನು ಎಳೆದುಕೊಳ್ಳಲು ಪ್ರಯತ್ನ ಮಾಡುತ್ತದೆ, ಆಮೇಲೆ ಕಂಗಾಲಾಗುತ್ತದೆ. ತಾಯಿ ಮತ್ತೆ ಮಾತಾಡಿಸಿದಾಗ ಇಬ್ಬರೂ ನಿಧಾನಕ್ಕೆ ಸರಿ ಹೋಗುತ್ತಾರೆ. ಚೆನ್ನಾಗಿರುವ ತಾಯಿ ಮಕ್ಕಳ ನಡುವೆಯೂ ಹೊಂದಾಣಿಕೆ ದಿನಕ್ಕೆ ಎಷ್ಟೋ ಸಲ ತಪ್ಪುತ್ತದೆ, ಮತ್ತೆ ಕೂಡಿಕೊಳ್ಳುವುದೇ ಮುಖ್ಯ ಅಂತ ಅವರು ಕಂಡುಕೊಂಡರು. ಯಜಮಾನರಿಗೆ ಇದನ್ನು ಹೇಳಿ.

ಮೊಬೈಲ್ ವಿಷಯ. ಕಿರುಚಿದಾಗ ಮೊಬೈಲ್ ಸಿಕ್ಕಿದರೆ ಕಿರುಚುವುದು ಕೆಲಸ ಮಾಡುತ್ತದೆ ಅಂತ ಮಗು ಕಲಿಯುತ್ತದೆ. ಮೊಬೈಲ್ ಕೊಟ್ಟರೆ ಅಳು ನಿಲ್ಲುತ್ತದೆ ಅಂತ ಅಜ್ಜಿಯೂ ಕಲಿಯುತ್ತಾರೆ. ಇಬ್ಬರೂ ಒಬ್ಬರಿಗೊಬ್ಬರು ಅಭ್ಯಾಸ ಮಾಡಿಸುತ್ತಿದ್ದಾರೆ. ನಿಲ್ಲಿಸಿದಾಗ ಮೊದಲು ಕಿರುಚಾಟ ಜಾಸ್ತಿ ಆಗುತ್ತದೆ, ಇದನ್ನು ಅವರಿಗೆ ಮುಂಚೆಯೇ ಹೇಳಿ. ಇಲ್ಲದಿದ್ದರೆ "ನೋಡು, ನಿನ್ನ ಮಾತು ಕೇಳಿ ಇನ್ನೂ ಕೆಟ್ಟಿತು" ಅನ್ನುತ್ತಾರೆ. ಆ ಹೊತ್ತಿನಲ್ಲಿ ಸೋತು ಕೊಟ್ಟರೆ ಇನ್ನೂ ಜೋರಾಗಿ ಕಿರುಚಬೇಕು ಅನ್ನುವುದೇ ಅವಳಿಗೆ ಪಾಠ. ಪೂರ್ತಿ ಕಿತ್ತುಕೊಳ್ಳುವುದೂ ಬೇಡ. ಈ ವಯಸ್ಸಿಗೆ ದಿನಕ್ಕೆ 1 ಗಂಟೆ ಮೀರಬಾರದು. ಆ ಗಂಟೆ ಅಳುವಿಗೆ ಅಂಟಿಕೊಳ್ಳದೆ ಒಂದು ಹೊತ್ತಿಗೆ ಅಂಟಿಕೊಳ್ಳಲಿ. ಶಾಲೆಯಿಂದ ಬಂದು ತಿಂಡಿ ತಿಂದ ಮೇಲೆ, ಅಂತ.

ಹನುಮಂತನಗರದ ಅಜ್ಜಿ

ಅತ್ತೆ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ನಾನೂ ಒಬ್ಬಳು ಅತ್ತೆ.

ನೀನು ಹೇಳಬೇಡ. ನಿನ್ನ ಗಂಡ ಹೇಳಲಿ. ಸೊಸೆ ಬಾಯಲ್ಲಿ ಬಂದರೆ ಅದು ದೂರು. ಮಗನ ಬಾಯಲ್ಲಿ ಬಂದರೆ ಕಾಳಜಿ. ಅವನೂ "ಮೊಬೈಲ್ ಕೊಡಬೇಡಮ್ಮ" ಅಂತ ಶುರು ಮಾಡಬಾರದು. "ನಿನಗೆ ಎಷ್ಟು ಸುಸ್ತಾಗುತ್ತೆ?" ಅಂತ ಕೇಳಲಿ. ಆ ಹೆಂಗಸಿನ ಕಡೆಯಿಂದ ಒಂದು ಸಲ ನೋಡು. ಒಂದು ಕೈಯಲ್ಲಿ ತೆವಳುವ ಮಗು. ಅದು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತೆ. ಇನ್ನೊಂದು ಕಡೆ ಇದು ಕಿರುಚುತ್ತೆ. ಮಂಡಿ ನೋವು ಇರುತ್ತೆ, ಕೆಳಗೆ ಕೂತರೆ ಏಳುವುದಕ್ಕೆ ಗೋಡೆ ಬೇಕು. ಅವರು ಮೊಬೈಲ್ ಕೊಡುವುದು ಮುದ್ದಿಗಲ್ಲ, ಬೇರೆ ದಾರಿ ಇಲ್ಲದೆ.

ಅವರಿಗೆ ಸಂಜೆ ಒಂದು ಗಂಟೆ ಬಿಡುವು ಮಾಡಿಕೊಡಿ. ನಿನ್ನ ಗಂಡ ವಾರದಲ್ಲಿ ಕೆಲವು ದಿನವಾದರೂ ಬೇಗ ಬರಲಿ. ಆಗಲ್ಲ ಅಂದರೆ ಪಿಯುಸಿ ಮುಗಿಸಿದ ಪಕ್ಕದ ಮನೆ ಹುಡುಗಿಗೆ ದುಡ್ಡು ಕೊಟ್ಟು ಪಾರ್ಕಿಗೆ ಕರೆದುಕೊಂಡು ಹೋಗಲು ಹೇಳಿ. ದೊಡ್ಡ ಹುಡುಗರ ಗನ್ ಆಟಕ್ಕೆ ಇವಳನ್ನು ಒಬ್ಬಳೇ ಬಿಡಬೇಡಿ.

ರಾಜಾಜಿನಗರ ಅಪ್ಪ

ಅಜ್ಜಿ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಅಕ್ಕ, ನಿಮ್ಮ ಯಜಮಾನರಿಗೆ ಇನ್ನೊಂದು ಹೇಳಿ. ಭಾನುವಾರ ಬೆಳಗ್ಗೆ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಲಾಲ್‌ಬಾಗ್‌ಗೆ ಹೋಗಲಿ. ಮಗಳು ಬಂಡೆ ಹತ್ತಿ ಇಳಿಯಲಿ, ಓಡಲಿ, ಜೋರಾಗಿ ಕೂಗಲಿ, ಅಲ್ಲಿ ಯಾರೂ ಬೈಯುವುದಿಲ್ಲ. ನೀವು ಮನೆಯಲ್ಲಿ ಮಲಗಿ. ಪಾತ್ರೆ ತೊಳೆಯಬೇಡಿ, ಬಟ್ಟೆ ಮಡಚಬೇಡಿ. ನಿದ್ದೆ ಕೆಟ್ಟವರಿಗೆ ತಾಳ್ಮೆ ಎಲ್ಲಿಂದ ಬರಬೇಕು? ನಿಮ್ಮ ಮೊದಲ ಪ್ರಶ್ನೆ ಅದೇ ಅಲ್ವಾ, ಒಳಗಿನ ಕುದಿ ಏನು ಮಾಡುವುದು ಅಂತ. ಅದರಲ್ಲಿ ಅರ್ಧ ಸುಸ್ತು.

ಬನಶಂಕರಿ ಅಮ್ಮ

ನಮ್ಮವರಿಗೆ ಇಡೀ ಚರ್ಚೆ ಓದಿಸಿದೆ. ಅತ್ತೆ ಜೊತೆ ಅವರೇ ಮಾತಾಡಿದರು. ಅಜ್ಜಿ, ಮಂಡಿಯ ವಿಷಯ ನೀವು ಹೇಳಿದ್ದು ಸರಿ. ಅತ್ತೆ ಇಷ್ಟು ದಿನ ನಮಗೆ ಹೇಳಿಯೇ ಇರಲಿಲ್ಲ. ಮಂಗಳವಾರ, ಗುರುವಾರ ಇವರು ಆರೂವರೆಗೆ ಬರುವುದು ಅಂತ ಆಗಿದೆ. ಉಳಿದ ದಿನಗಳಿಗೆ ಎರಡನೇ ಮಹಡಿಯ ಹುಡುಗಿಯನ್ನು ಕೇಳಿದ್ದೇವೆ, ಅವಳ ಅಮ್ಮ ನಾಳೆ ಹೇಳುತ್ತೇನೆ ಅಂದಿದ್ದಾರೆ.

ಟೀಚರ್, ಒಂದು ಕೇಳಬೇಕಿತ್ತು. ಮಗಳು ಈಗ ತಮ್ಮನಿಗೂ "ನೀನು ಬೇಡ" ಅಂತ ತಳ್ಳಲು ಶುರು ಮಾಡಿದ್ದಾಳೆ. ಅವನು ಹಿಡಿದುಕೊಂಡು ನಿಲ್ಲುವ ವಯಸ್ಸು, ಬಿದ್ದರೆ ತಲೆಗೆ ಪೆಟ್ಟು. ಅಲ್ಲೂ ಇದೇ ಮಾತು ಸಾಕಾ?

ಅಂಗನವಾಡಿ ಟೀಚರ್, ಲಗ್ಗೆರೆ

ಅಲ್ಲಿ ಮಾತು ಸಾಲದು. ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಡಲೇಬೇಡಿ, ಸ್ವಲ್ಪ ಹೊತ್ತಿಗೂ ಬೇಡ. ತಳ್ಳಿದರೆ ಮೊದಲು ಪಾಪುವನ್ನು ಎತ್ತಿಕೊಳ್ಳಿ, ಅವಳಿಗೆ "ತಳ್ಳೋದು ಇಲ್ಲ" ಅಂತ ಒಂದೇ ಸಲ ಹೇಳಿ. "ಅಕ್ಕ ಆಗಿ ಹೀಗೆ ಮಾಡ್ತೀಯಾ" ಅನ್ನಬೇಡಿ, ಅಕ್ಕ ಆಗಿದ್ದೇ ಅವಳಿಗೆ ಈಗ ಕಷ್ಟ ಆಗಿರುವುದು. ಅವಳ ಆಟದ ಸಾಮಾನಿಗೆ ಅವನ ಕೈಗೆ ಎಟುಕದ ಒಂದು ಶೆಲ್ಫ್ ಮಾಡಿಕೊಡಿ. ಅವನು ಮಲಗಿರುವಾಗ ದಿನಾ ಸ್ವಲ್ಪ ಹೊತ್ತು ಅವಳೊಬ್ಬಳ ಜೊತೆಗೇ ಇರಿ. ತುಪ್ಪ ಹಾಕುವುದು ಅವಳ ಕೆಲಸ ಅಂತಲೂ ಮಾಡಿಬಿಡಿ, ಮನೆಯವರೆಲ್ಲರ ತಟ್ಟೆಗೂ ಅವಳೇ ಹಾಕಲಿ.